ಹೊಗೆಸೊಪ್ಪು, ಸಿಗರೇಟು ಬಿಡಿಸಲು ಹಲ್ಲು-ತುಟಿಯ ಚಿಂತೆಯಿಂದಲೇ ಶುರು ಮಾಡಿ

ಕ್ಯಾನ್ಸರ್ ಬರುತ್ತೆ ಅಂತ ಹೇಳಿದರೆ ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಸಿಗುವ ಉತ್ತರ ಗೊತ್ತೇ ಇದೆ: "ನಮ್ಮಜ್ಜಿ ಸಾಯೋವರೆಗೂ ಹಾಕ್ಕೊಂತಿದ್ರು, ಏನೂ ಆಗ್ಲಿಲ್ಲ." ಈ ಮಾತಿಗೆ ವಾದ ಮಾಡಿ ಪ್ರಯೋಜನವಿಲ್ಲ. ಆದರೆ ಅದೇ ಹೆಂಗಸು ಮಗಳ ಮದುವೆ ಫೋಟೊದಲ್ಲಿ ಸೆರಗು ಅಡ್ಡ ಹಿಡಿದು ನಕ್ಕಿರುತ್ತಾಳೆ. ಹಲ್ಲಿನ ಕರೆ, ಬಾಯಿಯ ವಾಸನೆ ಅವಳಿಗೆ ಇವತ್ತಿನ ಸಂಕಟ. ಬಿಡಿಸುವ ಮಾತು ಅಲ್ಲಿಂದ ಶುರುವಾದರೆ ಮುಂದೆ ಸಾಗುತ್ತದೆ. ಆಶಾ ಕಾರ್ಯಕರ್ತೆಯರು, ಸ್ತ್ರೀಶಕ್ತಿ ಸಂಘದವರು, ಹಲ್ಲಿನ ಕ್ಲಿನಿಕ್‌ನಲ್ಲಿ ಕೆಲಸ ಮಾಡುವವರು, ಅಮ್ಮನಿಗೋ ಅಕ್ಕನಿಗೋ ಬಿಡಿಸಬೇಕೆಂದಿರುವವರು, ಯಾರು ಬೇಕಾದರೂ ಇದನ್ನು ಮಾಡಬಹುದು.

ಈ ದಾರಿಗೆ ಆಧಾರವಿದೆ. ಆಸ್ಟ್ರೇಲಿಯಾದ ಔಷಧಿ ಅಂಗಡಿಗಳಲ್ಲಿ 18ರಿಂದ 30 ವರ್ಷದ ಸೇದುವವರಿಗೆ, ಹೀಗೇ ಸೇದುತ್ತಾ ಹೋದರೆ ಮುಖ ಹೇಗಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಅವರದೇ ಫೋಟೊ ಮಾಡಿ ತೋರಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: 6 ತಿಂಗಳ ನಂತರ ಉಸಿರಿನ ಪರೀಕ್ಷೆಯಲ್ಲೂ ಬಿಟ್ಟದ್ದು ಖಚಿತವಾದವರು ಫೋಟೊ ನೋಡಿದ 80 ಜನರಲ್ಲಿ 11, ನೋಡದ 80 ಜನರಲ್ಲಿ 1. ನಮ್ಮ ಕಡೆ ಹೆಚ್ಚಿನ ಹೆಂಗಸರದ್ದು ಸಿಗರೇಟಲ್ಲ, ಎಲೆ ಅಡಿಕೆ ಜೊತೆಗಿನ ಹೊಗೆಸೊಪ್ಪು ಅಥವಾ ಕಡ್ಡಿಪುಡಿ. ಅವರಿಗೆ ಆ ಸಾಫ್ಟ್‌ವೇರ್ ಬೇಕಿಲ್ಲ, ಬಾಯಿ ತೆರೆದರೆ ಸಾಕು.

ಮಾತು ತೆಗೆಯುವ ಬಗೆ

ಚಿಂತೆ ಅವಳ ಬಾಯಿಂದಲೇ ಬರಬೇಕು. "ಅಕ್ಕಾ, ನಿಮ್ ಹಲ್ಲು ನೋಡಿ ನಿಮಗೇ ಏನಾದ್ರೂ ಬೇಜಾರಿದೆಯಾ?" ಎಂದು ಕೇಳಿ ಸುಮ್ಮನಿರಿ. ಕರೆ ಅನ್ನಬಹುದು, ವಾಸನೆ ಅನ್ನಬಹುದು, ತುಟಿ ಒಡೆಯುತ್ತೆ ಅನ್ನಬಹುದು. ಅವಳು ಯಾವುದನ್ನು ಹೇಳಿದಳೋ ಅದನ್ನೇ ಹಿಡಿಯಿರಿ. ಅವಳಿಗೆ ಇಲ್ಲದ ಚಿಂತೆಯನ್ನು ನೀವು ಹುಟ್ಟುಹಾಕಬೇಡಿ. ಮೈಬಣ್ಣದ ಮಾತು, "ಗಂಡ ಹತ್ತಿರ ಸೇರಿಸಲ್ಲ" ಅನ್ನುವ ಮಾತು ಖಂಡಿತ ಬೇಡ. ಹಾಗೆ ಹಂಗಿಸಿದರೆ ಅವಳು ಬಿಡುವುದಿಲ್ಲ, ಬಚ್ಚಿಟ್ಟುಕೊಂಡು ಹಾಕಿಕೊಳ್ಳುತ್ತಾಳೆ, ಮುಂದಿನ ಸಲ ನಿಮ್ಮನ್ನು ಕಂಡರೆ ಒಳಗೆ ಹೋಗುತ್ತಾಳೆ. ಅತ್ತೆ, ಮಾವ, ಗಂಡಸರ ಮುಂದೆ ಈ ಮಾತು ಎತ್ತಲೇಬೇಡಿ.

ಆಮೇಲೆ ಬೆಳಕಿರುವ ಜಗಲಿಯಲ್ಲಿ ಕೂರಿಸಿ. ಬೇಕಾದದ್ದು ಒಂದು ಕೈಗನ್ನಡಿ, ಮೊಬೈಲ್ ಟಾರ್ಚು, ಒಂದು ಬಿಳಿ ಹಾಳೆ. ಮೊದಲು ಬಾಯಿ ಮುಕ್ಕಳಿಸಲಿ. ಅವಳೇ ಕನ್ನಡಿ ಹಿಡಿದು ಕೆಳತುಟಿ ಕೆಳಗೆಳೆದು ನೋಡಲಿ, ನಂತರ ಹೊಗೆಸೊಪ್ಪಿನ ತುತ್ತು ಇಟ್ಟುಕೊಳ್ಳುವ ಕೆನ್ನೆಯನ್ನು ಬೆರಳಿನಿಂದ ಹೊರಕ್ಕೆಳೆದು ಟಾರ್ಚು ಬಿಟ್ಟು ನೋಡಲಿ. ಆ ಕಡೆ ಒಸಡು ಸರಿದು ಹಲ್ಲಿನ ಬೇರು ಹಳದಿಯಾಗಿ ಕಾಣುವುದು, ಕೆನ್ನೆಯ ಒಳಚರ್ಮ ಇನ್ನೊಂದು ಬದಿಗಿಂತ ಬಿಳಿಚಿ ಸುಕ್ಕಾಗಿರುವುದು ಸಾಮಾನ್ಯ. ಎರಡೂ ಬದಿ ಹೋಲಿಸಿದಾಗ ಅವಳಿಗೇ ಅರ್ಥವಾಗುತ್ತದೆ, ನೀವು ಉಪದೇಶ ಮಾಡಬೇಕಿಲ್ಲ. ಒಪ್ಪಿದರೆ ಮೂರು ಫೋಟೊ ತೆಗೆಯಿರಿ: ನಗು, ಕೆಳಒಸಡು, ಆ ಕೆನ್ನೆ. ಬಿಳಿ ಹಾಳೆಯನ್ನು ಗಲ್ಲದ ಕೆಳಗೆ ಹಿಡಿದರೆ ಬೇರೆ ಬೇರೆ ದಿನದ ಫೋಟೊಗಳ ಬಣ್ಣ ಹೋಲಿಸಲು ಬರುತ್ತದೆ. ಫೋಟೊ ಅವಳ ಮೊಬೈಲಿನಲ್ಲೇ ಇರಲಿ. ಸಂಘದ ವಾಟ್ಸಾಪ್ ಗುಂಪಿಗೆ ಹೋದರೆ ಅಲ್ಲಿಗೆ ನಂಬಿಕೆ ಮುಗಿಯಿತು.

ಯಾವುದು ವಾಪಸ್ ಬರುತ್ತದೆ, ಯಾವುದು ಬರುವುದಿಲ್ಲ

ಇಲ್ಲಿ ಸುಳ್ಳು ಭರವಸೆ ಕೊಡಬಾರದು. ಬಾಯಿಯ ವಾಸನೆ ಕೆಲವೇ ದಿನಗಳಲ್ಲಿ ಕಡಿಮೆಯಾಗುತ್ತದೆ, ಆದರೆ ಹುಳುಕು ಹಲ್ಲು, ಹಲ್ಲಿಗೆ ಅಂಟಿ ಗಟ್ಟಿಯಾದ ಕಿಟ್ಟ ಇದ್ದರೆ ಅದಕ್ಕೂ ಚಿಕಿತ್ಸೆ ಬೇಕು. ಹಲ್ಲಿನ ಮೇಲಿನ ಕರೆ ಕ್ಲೀನಿಂಗ್ ಮಾಡಿಸಿದರೆ ಬಹುಪಾಲು ಹೋಗುತ್ತದೆ. ಸೇದಿ ಕಪ್ಪಾದ ಒಸಡು ತಿಳಿಯಾಗಲು ಹಲವು ತಿಂಗಳು, ಕೆಲವರಿಗೆ ವರ್ಷದ ಮೇಲೂ ಬೇಕು. ನಮ್ಮವರಲ್ಲಿ ಹುಟ್ಟಿನಿಂದಲೇ ಒಸಡು ಕಂದಾಗಿರುವವರು ಬಹಳ, ಅದು ಬದಲಾಗುವುದಿಲ್ಲ. ಸರಿದ ಒಸಡು ತಾನಾಗಿ ಮೇಲೆ ಬರುವುದಿಲ್ಲ. ಸಿಗರೇಟಿನ ಹೊಗೆ ಚರ್ಮದ ರಕ್ತನಾಳ ಕುಗ್ಗಿಸಿ, ಚರ್ಮವನ್ನು ಬಿಗಿಯಾಗಿಡುವ ಕೊಲಾಜನ್ ಕೆಡಿಸುತ್ತದೆ. ಹಾಗೆ ತುಟಿಯ ಸುತ್ತ, ಕಣ್ಣಂಚಿನಲ್ಲಿ ಮೂಡಿದ ಗೆರೆ ಅಳಿಸುವುದಿಲ್ಲ. ಬಿಟ್ಟರೆ ಹೊಸದು ಬೇಗ ಬರುವುದು ತಪ್ಪುತ್ತದೆ, ಅಷ್ಟೇ.

ಕ್ಲೀನಿಂಗ್ ಅನ್ನು ಬಿಡುವ ದಿನದ ಆಸುಪಾಸಿನಲ್ಲೇ ಮಾಡಿಸಿ. ಹಲ್ಲು ಬೆಳ್ಳಗಾದ ಮೇಲೆ ಮತ್ತೆ ಕರೆ ಹತ್ತಿಸಿಕೊಳ್ಳಲು ಮನಸ್ಸು ಹಿಂಜರಿಯುತ್ತದೆ. "ಕ್ಲೀನ್ ಮಾಡಿಸಿದ್ರೆ ಹಲ್ಲು ಅಲ್ಲಾಡುತ್ತೆ" ಎಂಬ ಭಯ ಎಲ್ಲರಿಗೂ ಇದೆ. ವರ್ಷಗಟ್ಟಲೆ ಕಟ್ಟಿದ ಕಿಟ್ಟ ಹಲ್ಲಿನ ಸಂದು ತುಂಬಿಕೊಂಡಿರುತ್ತದೆ. ಅದು ಹೋದಾಗ ಸಂದು ಖಾಲಿಯಾಗಿ ಹಾಗನ್ನಿಸುತ್ತದೆ, ಕೆಲವು ದಿನ ತಣ್ಣೀರು ಜುಮ್ಮೆನ್ನುತ್ತದೆ. ಇದ್ದಿಲು, ಇಟ್ಟಿಗೆ ಪುಡಿ, ನಿಂಬೆಹಣ್ಣು-ಸೋಡಾ ಹಾಕಿ ಉಜ್ಜುವುದು ಬೇಡ. ಹಲ್ಲಿನ ಮೇಲ್ಪದರ ಸವೆದು ಒಳಗಿನ ಹಳದಿ ಇನ್ನೂ ಎದ್ದು ಕಾಣುತ್ತದೆ.

ಬಿಡುವ ಕೆಲಸ

ಎರಡು ವಾರದೊಳಗೆ ಒಂದು ದಿನ ಗೊತ್ತು ಮಾಡಿ. ಹಬ್ಬ, ಜಾತ್ರೆ, ಮನೆಯ ಶುಭಕಾರ್ಯದ ವಾರ ಬೇಡ. ಆ ದಿನ ಬರುವ ಮೊದಲೇ ರಾತ್ರಿ ಕೆನ್ನೆಯಲ್ಲಿಟ್ಟು ಮಲಗುವ ತುತ್ತನ್ನು ನಿಲ್ಲಿಸಿ. ಅತಿ ಹೆಚ್ಚು ಹೊತ್ತು ಒಂದೇ ಜಾಗ ಸುಡುವುದು ಅದೇ. ಸುಣ್ಣ ಸೇರಿದಾಗ ಹೊಗೆಸೊಪ್ಪಿನಲ್ಲಿರುವ, ಚಟ ಹಿಡಿಸುವ ನಿಕೋಟಿನ್ ಬೇಗ ರಕ್ತಕ್ಕೆ ಸೇರುತ್ತದೆ, ಚರ್ಮವೂ ಬೇಯುತ್ತದೆ. ಹೊಗೆಸೊಪ್ಪು ಬಿಟ್ಟು ಅಡಿಕೆ ಮುಂದುವರಿಸಿದರೆ ಕರೆ ಹೋಗುವುದಿಲ್ಲ. ಬಾಯಿ ಪೂರ್ತಿ ತೆರೆಯಲಾಗದಂತೆ ಬಿಗಿಯುವ ಕಾಯಿಲೆಗೆ ಮೂಲವೂ ಅಡಿಕೆಯೇ. ಆದ್ದರಿಂದ ಸಂಚಿಯನ್ನೇ ಖಾಲಿ ಮಾಡಿ, ಅದರಲ್ಲಿ ಲವಂಗ, ಏಲಕ್ಕಿ, ಸೋಂಪು, ಒಣಗಿಸಿದ ನೆಲ್ಲಿಕಾಯಿ ತುಂಬಿ. ಕೈ ಅಭ್ಯಾಸದಂತೆ ಸಂಚಿಗೆ ಹೋಗುತ್ತದೆ, ಹೋಗಲಿ.

ತಲೆನೋವು, ಸಿಡಿಮಿಡಿ, ನಿದ್ದೆಗೆಡುವುದು ಮೊದಲ 2-3 ದಿನ ಜೋರು, 2ರಿಂದ 4 ವಾರದಲ್ಲಿ ಇಳಿಯುತ್ತದೆ. ಆಸೆ ಬಂದಾಗ ಐದು ನಿಮಿಷ ತಳ್ಳಿದರೆ ಅಲೆ ಇಳಿಯುತ್ತದೆ: ಗುಟುಕು ಗುಟುಕಾಗಿ ನೀರು, ಒಂದು ಲವಂಗ, ಕೂತಲ್ಲಿಂದ ಏಳುವುದು.

ವಾಪಸ್ ಹಾಕಿಕೊಳ್ಳುವಂತೆ ಮಾಡುವ ಕಾರಣಗಳು ಬೇರೆಯೇ ಇವೆ. ಒಂದು, ಹಲ್ಲುನೋವು. ಎಷ್ಟೋ ಜನ ಶುರು ಮಾಡಿದ್ದೇ ನೋವು ಮರೆಯಲು. ಬಿಟ್ಟಾಗ ಆ ಹುಳುಕು ಹಲ್ಲು ಮತ್ತೆ ಮಾತಾಡುತ್ತದೆ. ಹಲ್ಲಿಗೆ ಚಿಕಿತ್ಸೆ ಮೊದಲು ಆಗದಿದ್ದರೆ ಬಿಡಿಸುವ ಪ್ರಯತ್ನ ವ್ಯರ್ಥ. ಇನ್ನೊಂದು, ಬೆಳಗ್ಗೆ ಹೊಟ್ಟೆ ಸಲೀಸಾಗದಿರುವುದು. ನಿಕೋಟಿನ್ ಇಲ್ಲದೆ ಕರುಳು ಕೆಲವು ವಾರ ನಿಧಾನವಾಗುತ್ತದೆ. ಎದ್ದ ಕೂಡಲೇ ಬಿಸಿನೀರು, ಊಟಕ್ಕೆ ಸೊಪ್ಪಿನ ಸಾರು, ಹುರುಳಿ, ಸೀಬೆಹಣ್ಣು ಇರಲಿ. ಸಿಗರೇಟು ಬಿಟ್ಟವರಿಗೆ ಬ್ರಷ್ ಮಾಡುವಾಗ ಒಸಡಿನಲ್ಲಿ ರಕ್ತ ಬರಬಹುದು. ಕುಗ್ಗಿದ ರಕ್ತನಾಳ ಇಷ್ಟು ದಿನ ಒಸಡಿನ ರೋಗವನ್ನು ಮುಚ್ಚಿಟ್ಟಿತ್ತು. "ಬಿಟ್ಟಿದ್ದಕ್ಕೇ ಹೀಗಾಯ್ತು" ಅನ್ನುವ ಮೊದಲೇ ಇದನ್ನು ಹೇಳಿಡಿ.

ಕೋಲಾರದ ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿ ಕೆಲಸಕ್ಕೆ ಹೋಗುವ, ಬೆಂಗಳೂರಿಗೆ ಓಡಾಡುವ ಹುಡುಗಿಯರಲ್ಲಿ ಸೇದುವವರಿದ್ದರೆ ಅವರ ದೊಡ್ಡ ಭಯ ದಪ್ಪಗಾಗುವುದು. ಅದನ್ನು ತಳ್ಳಿಹಾಕಬೇಡಿ. ಬಿಟ್ಟ ಮೊದಲ ವರ್ಷ ಸರಾಸರಿ 4-5 ಕೆಜಿ ಏರುತ್ತದೆ, ಹೆಚ್ಚಿನದು ಮೊದಲ 3 ತಿಂಗಳಲ್ಲಿ. ಆ 3 ತಿಂಗಳು ಬೇಕರಿ ತಿಂಡಿಯ ಬದಲು ಸೌತೆಕಾಯಿ, ಮಜ್ಜಿಗೆ, ಒಂದು ಹಿಡಿ ಹುರಿಗಡಲೆ ಬ್ಯಾಗಿನಲ್ಲಿರಲಿ, ದಿನಕ್ಕೆ ಅರ್ಧ ಗಂಟೆ ನಡಿಗೆ ಇರಲಿ. ಉಪವಾಸ, ಕಟ್ಟುನಿಟ್ಟಿನ ಡಯಟ್ ಈಗ ಬೇಡ. ಎರಡೂ ಒಟ್ಟಿಗೆ ಆಗುವುದಿಲ್ಲ. 35 ದಾಟಿ ಸೇದುತ್ತಾ ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚು. ಆ ಮಾತ್ರೆ ಬದಲಿಸಲು ಕೂಡಲೇ ಡಾಕ್ಟರನ್ನು ಕೇಳಬೇಕು.

ಎದ್ದ ಅರ್ಧ ಗಂಟೆಯೊಳಗೆ ಬೇಕೇ ಬೇಕು ಅನ್ನುವವರಿಗೆ ನಿಕೋಟಿನ್ ಗಮ್ ಸಹಾಯ ಮಾಡುತ್ತದೆ. 2 ಮತ್ತು 4 ಮಿಲಿಗ್ರಾಂನದ್ದು ಸಿಗುತ್ತದೆ, ಇಂಥವರಿಗೆ ಸಾಮಾನ್ಯವಾಗಿ 4 ಬೇಕಾಗುತ್ತದೆ. ಚ್ಯೂಯಿಂಗ್ ಗಮ್ಮಿನಂತೆ ಜಗಿಯುತ್ತಲೇ ಇದ್ದರೆ ಬಿಕ್ಕಳಿಕೆ, ಹೊಟ್ಟೆ ತೊಳೆಸುವುದು ಬರುತ್ತದೆ. ನಿಧಾನ ಜಗಿದು, ಚುರುಗುಟ್ಟಿದ ಕೂಡಲೇ ಕೆನ್ನೆಗೆ ಒತ್ತಿಡಬೇಕು, ಚುರುಕು ಇಳಿದಾಗ ಮತ್ತೆ ಜಗಿಯಬೇಕು, ಒಟ್ಟು ಅರ್ಧ ಗಂಟೆ. ಅದಕ್ಕೆ 15 ನಿಮಿಷ ಮೊದಲಿಂದ ಕಾಫಿ, ನಿಂಬೆ ಪಾನಕ ಬೇಡ, ನಿಕೋಟಿನ್ ಹೀರುವುದಿಲ್ಲ. ಹಲ್ಲಿಲ್ಲದವರಿಗೆ, ಬಾಯಿ ಬಿಗಿದವರಿಗೆ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಸರಿ. ಬಸುರಿ, ಬಾಣಂತಿ, ಹೃದ್ರೋಗಿಗಳು ಡಾಕ್ಟರ್ ಹೇಳದೆ ಎರಡನ್ನೂ ಮುಟ್ಟಬಾರದು.

ಕನ್ನಡಿ ಹಿಡಿದಾಗಲೇ ಇವನ್ನೂ ನೋಡಿ: ಅವಳ ಮೂರು ಬೆರಳು ಒಂದರ ಮೇಲೊಂದು ಜೋಡಿಸಿದರೆ ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ ಹಿಡಿಸುತ್ತವೆಯೇ? ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, 2 ವಾರವಾದರೂ ಮಾಯದ ಹುಣ್ಣು, ಸಾರಿನ ಖಾರಕ್ಕೂ ಉರಿ, ಕುತ್ತಿಗೆಯಲ್ಲಿ ಗಂಟು ಇವೆಯೇ? ಬೆರಳು ಹಿಡಿಸದಿದ್ದರೆ ಅಥವಾ ಇವುಗಳಲ್ಲಿ ಒಂದಿದ್ದರೂ ಅಂದದ ಮಾತು ಅಲ್ಲಿಗೆ ನಿಲ್ಲಿಸಿ, ಅದೇ ವಾರ ನೀವೇ ಜೊತೆಗೆ ಹೋಗಿ ಹಲ್ಲಿನ ಡಾಕ್ಟರಿಗೆ ತೋರಿಸಿ. ಕೋಲಾರ ಸೀಮೆಯ ಹೆಂಗಸರಲ್ಲಿ ಕೆನ್ನೆಯೊಳಗಿನ ಕ್ಯಾನ್ಸರ್ ಅಪರೂಪವಲ್ಲ.

ಹೊಸ ಫೋಟೊಗಳನ್ನು 1 ತಿಂಗಳಿಗೆ, 3 ತಿಂಗಳಿಗೆ ಅದೇ ಜಗಲಿಯಲ್ಲಿ, ಅದೇ ಹೊತ್ತಿಗೆ ತೆಗೆಯಿರಿ. ನಡುವೆ ಯಾವುದೋ ಮದುವೆಮನೆಯಲ್ಲಿ ಒಂದು ತುತ್ತು ಹಾಕಿಕೊಂಡಿದ್ದರೆ ದಿನ ಮತ್ತೆ ಒಂದರಿಂದ ಎಣಿಸಬೇಡಿ. ಯಾರು ಕೊಟ್ಟರು, ಯಾವ ಹೊತ್ತಲ್ಲಿ ಎಂದು ಕೇಳಿ, ಮುಂದಿನ ಸಲ ತಾಂಬೂಲ ಈಸಿಕೊಂಡು ಹಾಗೇ ಕವರಿಗೆ ಹಾಕಲು ಹೇಳಿ. ನಿಮ್ಮ ಕೈಮೀರಿದರೆ ಜಿಲ್ಲಾಸ್ಪತ್ರೆಯ ತಂಬಾಕು ವ್ಯಸನಮುಕ್ತಿ ಕೇಂದ್ರವಿದೆ, 1800-11-2356 ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ. ಫೋನನ್ನು ಅವಳ ಕೈಗೇ ಕೊಡಿ.