ಸರ್ವೆ ನಂಬರ್ ಹಿಡಿದು ಅಭ್ಯರ್ಥಿಯ ಮುಂದೆ ಕೂರುವುದು ಹೇಗೆ?

ನಮ್ಮ ರಸ್ತೆಯ ಕೊನೆಯ ಮನೆಯ ಕಾಂಪೌಂಡ್ ಗೋಡೆಯ ಮೇಲೆ ಒಂದು ಕಂದು ಗೆರೆ ಇದೆ. ಮಂಡಿಯಿಂದ ಒಂದು ಗೇಣು ಮೇಲೆ, ಕೆಸರು ಒಣಗಿ ಕಚ್ಚಿಕೊಂಡ ಗೆರೆ. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರ, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ನೀರು ನಿಂತಾಗ ಮೂಡಿದ್ದು. ಆಮೇಲೆ ಮನೆಗೆ ಬಣ್ಣ ಬಳಿಸಿದರೂ ಮನೆಯಾಕೆ ಆ ಗೋಡೆಯನ್ನು ಮಾತ್ರ ಮುಟ್ಟಗೊಡಲಿಲ್ಲ. ಮತ ಕೇಳಲು ಬಂದವರಿಗೆ ತೋರಿಸಬೇಕು ಎಂಬುದು ಅವರ ಹಟ.

ತೋರಿಸಲು ಕಾರ್ಪೊರೇಟರ್ ಎಂಬುವರೇ ಇರಲಿಲ್ಲ. ಬೆಂಗಳೂರಿನಲ್ಲಿ ಪಾಲಿಕೆಗೆ ಕೊನೆಯ ಮತದಾನ ನಡೆದದ್ದು 2015ರ ಆಗಸ್ಟ್ 22ರಂದು. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಅಲ್ಲಿಂದ ಆಡಳಿತಾಧಿಕಾರಿಗಳ ಕಾಲ. 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಮೊದಲು 198 ಇದ್ದ ವಾರ್ಡ್‌ಗಳು ಈಗ 369. ವಾರ್ಡ್ ಚಿಕ್ಕದಾದಷ್ಟೂ ನೂರು ಮತಗಳ ತೂಕ ಹೆಚ್ಚು. ಹೊರವಲಯದ ಬಡಾವಣೆಯವರು ಈ ಹೊಸ ಪಾಲಿಕೆಗಳ ಚುನಾವಣೆಯ ಅವಕಾಶವನ್ನು ಬಳಸಿಕೊಳ್ಳಲೇಬೇಕು.

ಆದರೆ ಗೋಡೆಯ ಗೆರೆಯನ್ನಷ್ಟೇ ತೋರಿಸಿದರೆ ಅಭ್ಯರ್ಥಿ ಕೈಮುಗಿದು ‘ಮಾಡಿಸಿಕೊಡೋಣ’ ಎಂದು ಮುಂದಿನ ಮನೆಗೆ ಹೋಗುತ್ತಾರೆ. ಆ ನೀರು ಯಾವ ಸರ್ವೆ ನಂಬರಿನಲ್ಲಿ ತಡೆದು ನಿಂತಿತು ಎಂದು ಕಾಗದ ಇಟ್ಟು ಕೇಳಿದರೆ, ಕುರ್ಚಿ ಎಳೆದುಕೊಂಡು ಕೂರಲೇಬೇಕಾಗುತ್ತದೆ. ಅಲ್ಲಿಗೆ ತಲುಪುವ ದಾರಿ ಇಲ್ಲಿದೆ.

ಮೊದಲು ನಿಮ್ಮ ವಾರ್ಡ್ ಯಾವುದೆಂದು ತಿಳಿಯಿರಿ

ಹಳೆಯ ವಾರ್ಡ್ ಸಂಖ್ಯೆಯನ್ನು ಮರೆತುಬಿಡಿ. ಗಡಿಗಳು ಬದಲಾಗಿವೆ, ಹೆಸರುಗಳೂ ಬದಲಾಗಿವೆ. ನಿಮ್ಮ ರಸ್ತೆ ಐದರಲ್ಲಿ ಯಾವ ಪಾಲಿಕೆಗೆ, ಯಾವ ವಾರ್ಡ್‌ಗೆ ಸೇರಿದೆ ಎಂಬುದನ್ನು ಅಂತಿಮ ಅಧಿಸೂಚನೆಯ ಗಡಿ ವಿವರದಲ್ಲೇ ನೋಡಿ. ಪಾಲಿಕೆಯ ಮತದಾರರ ಪಟ್ಟಿಗೆ ವಿಧಾನಸಭೆಯ ಪಟ್ಟಿಯೇ ಆಧಾರ. ಅದರಲ್ಲಿ ಹೆಸರಿಲ್ಲದವರು ನಮೂನೆ 6ನ್ನು, ಮತ ಬೇರೆ ಊರಿನಲ್ಲಿದ್ದವರು ನಮೂನೆ 8ನ್ನು ತುಂಬಬೇಕು. ಬಾಡಿಗೆಗೆ ಇರುವವರಿಗೆ ಈ ಮಾತನ್ನು ಒತ್ತಿ ಹೇಳಿ. ಮತ ಹಾಸನದಲ್ಲೋ ಕಲಬುರಗಿಯಲ್ಲೋ ಇದ್ದು, ಟ್ಯಾಂಕರ್ ನೀರಿಗೆ ಇಲ್ಲಿ ಹಣ ಸುರಿಯುವ ಎಷ್ಟೋ ಕುಟುಂಬಗಳು ನಮ್ಮ ನಡುವೆ ಇವೆ.

ಒಂದು ಭಾನುವಾರ ಬಡಾವಣೆ ಸುತ್ತಿ

ನಾಲ್ಕೈದು ಜನ ಸಾಕು. ಒಬ್ಬರಾದರೂ ಆ ಊರಿನ ಹಳಬರಿರಲಿ. ಲೇಔಟ್ ಆಗುವ ಮೊದಲು ಅಲ್ಲಿ ರಾಗಿ ಬೆಳೆದವರಿಗೆ ನೀರಿನ ದಾರಿ ಗೊತ್ತಿರುತ್ತದೆ. ನಮ್ಮ ಜೊತೆ ಬಂದ ಹಿರಿಯರೊಬ್ಬರು ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ನಿಂತು, ‘ಹಳ್ಳ ಇಲ್ಲಿ ತಿರುಗುತ್ತಿತ್ತು’ ಎಂದು ಕೈಯನ್ನು ನೇರವಾಗಿ ಈಜುಕೊಳದ ಕಡೆಗೆ ತೋರಿಸಿದರು. ನಾವೆಲ್ಲ ಅಷ್ಟು ವರ್ಷ ಆ ಗೇಟಿನ ಮುಂದೆಯೇ ಓಡಾಡಿದ್ದೆವು.

ಚರಂಡಿ ಎಲ್ಲಿ ಕಿರಿದಾಗುತ್ತದೆ, ಎಲ್ಲಿ ಸ್ಲ್ಯಾಬಿನ ಕೆಳಗೆ ಮಾಯವಾಗುತ್ತದೆ, ಯಾವ ಉದ್ಯಾನಕ್ಕೆ ಬೀಗ ಬಿದ್ದಿದೆ, ಯಾವ ಸಿಎ (ನಾಗರಿಕ ಸೌಲಭ್ಯ) ನಿವೇಶನದಲ್ಲಿ ಕಟ್ಟಡ ಏಳುತ್ತಿದೆ ಎಂದು ಬರೆದುಕೊಳ್ಳಿ. ದಿನಾಂಕ ಸಹಿತ ಫೋಟೊ ತೆಗೆಯಿರಿ. ಮೊಬೈಲಿನಲ್ಲಿ ‘ದಿಶಾಂಕ್’ ಆ್ಯಪ್ ಇದ್ದರೆ ನಿಂತ ಜಾಗದ ಸರ್ವೆ ನಂಬರ್ ಅಲ್ಲೇ ಸಿಗುತ್ತದೆ. ಕೆಲವು ಮೀಟರ್ ಆಚೀಚೆ ಆಗಬಹುದು. ಹಾಗಾಗಿ ಅದನ್ನು ಸುಳಿವು ಎಂದಷ್ಟೇ ತಿಳಿಯಿರಿ. ಒತ್ತುವರಿ ಹೌದೋ ಅಲ್ಲವೋ ಎಂದು ಹೇಳಬೇಕಾದವರು ಸರ್ಕಾರಿ ಭೂಮಾಪಕರು.

ಇನ್ನು ಕಾಗದ ಓದುವ ಕೆಲಸ

ಹೆಚ್ಚಿನವರು ಕೈಬಿಡುವುದು ಇಲ್ಲೇ, ಗೆಲ್ಲುವುದೂ ಇಲ್ಲೇ. ಎರಡು ಕಾಗದ ಬೇಕು: ಆ ಸರ್ವೆ ನಂಬರಿನ ಪಹಣಿ (ಜಮೀನಿನ ಹಕ್ಕು, ಬೆಳೆಯ ದಾಖಲೆ) ಮತ್ತು ಗ್ರಾಮ ನಕಾಶೆ.

ಪಹಣಿಯಲ್ಲಿ ಜಮೀನಿನ ಒಟ್ಟು ವಿಸ್ತೀರ್ಣದ ಜೊತೆಗೆ ಖರಾಬು ಎಷ್ಟೆಂದು ನಮೂದಾಗಿರುತ್ತದೆ. ‘ಅ’ ಖರಾಬು ಎಂದರೆ ಸಾಗುವಳಿಗೆ ಬಾರದ ಜಾಗ. ‘ಬ’ ಖರಾಬು ಎಂದರೆ ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ ಜಾಗ. ನೂರು ನಿವೇಶನಗಳ ಲೇಔಟಿನೊಳಗೆ ಹತ್ತು ಗುಂಟೆ ‘ಬ’ ಖರಾಬು ಇದೆ ಎಂದಾದರೆ ಆ ಹತ್ತು ಗುಂಟೆ ಈಗ ಎಲ್ಲಿದೆ ಎಂದು ಕೇಳುವ ಹಕ್ಕು ಊರಿನ ಪ್ರತಿಯೊಬ್ಬರಿಗೂ ಇದೆ. ಗ್ರಾಮ ನಕಾಶೆಯಲ್ಲಿ ಹಳ್ಳ, ಗುಂಡುತೋಪು, ಬಂಡಿದಾರಿ ಎಲ್ಲವೂ ಕಾಣುತ್ತವೆ. ‘ನಕಾಶೆ ಕಂಡ ದಾರಿ’ ಎಂಬ ಮಾತು ತಾಲ್ಲೂಕು ಕಚೇರಿಯಲ್ಲಿ ಇವತ್ತಿಗೂ ಬಳಕೆಯಲ್ಲಿದೆ. ಅದನ್ನೇ ಬಳಸಿ, ಗುಮಾಸ್ತರಿಗೆ ತಕ್ಷಣ ಅರ್ಥವಾಗುತ್ತದೆ.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಬಡಾವಣೆಯಾದರೆ ಕಾಯ್ದೆಯ ಪ್ರಕಾರ ಶೇ 15ರಷ್ಟು ಜಾಗ ಉದ್ಯಾನ ಮತ್ತು ಆಟದ ಮೈದಾನಕ್ಕೆ, ಇನ್ನೂ ಶೇ 10ರಷ್ಟು ನಾಗರಿಕ ಸೌಲಭ್ಯಕ್ಕೆ ಇರಬೇಕು. ಖಾಸಗಿ ಲೇಔಟಾದರೆ ಅನುಮೋದಿತ ನಕ್ಷೆಯ ಪ್ರತಿ ಬೇಕು.

ಅದನ್ನು ಪಡೆಯಲು ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ, ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ‘ಲೇಔಟಿನಲ್ಲಿ ಅಕ್ರಮ ಏಕೆ ನಡೆದಿದೆ?’ ಎಂದು ಬರೆದರೆ ಅರ್ಜಿ ವ್ಯರ್ಥ. ಹೀಗೆ ಬರೆಯಿರಿ: ‘ಇಂಥ ಗ್ರಾಮದ ಇಂಥ ಸರ್ವೆ ನಂಬರಿನಲ್ಲಿ ಅನುಮೋದನೆಯಾದ ವಸತಿ ವಿನ್ಯಾಸ ನಕ್ಷೆ ಹಾಗೂ ಉದ್ಯಾನ, ರಸ್ತೆಗಳನ್ನು ಬಿಟ್ಟುಕೊಟ್ಟ ಪತ್ರದ ದೃಢೀಕೃತ ಪ್ರತಿ ಒದಗಿಸುವುದು.’ ದಾಖಲೆ ಕೇಳಿ, ಕಾರಣ ಕೇಳಬೇಡಿ. 30 ದಿನ ಹಿಡಿಯುವುದರಿಂದ ಚುನಾವಣೆ ಘೋಷಣೆಗೆ ಕಾಯಬೇಡಿ.

ಯಾರನ್ನು ಏನು ಕೇಳಬೇಕು

ನೀರು, ಒಳಚರಂಡಿ ಜಲಮಂಡಳಿಯ ಕೆಲಸ. ನಗರದ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಹೊಣೆ ಮುಖ್ಯಮಂತ್ರಿ ಅಧ್ಯಕ್ಷರಾಗಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರದ್ದು. ನಗರ ಬೆಳೆದದ್ದು 2007ರಲ್ಲಿ ಜಾರಿಯಾದ, 2015ನ್ನು ಗುರಿಯಾಗಿಟ್ಟ ಯೋಜನೆಯ ಮೇಲೆ. 2031ರ ಕರಡು 2017ರಲ್ಲಿ ಹೊರಬಂದರೂ ಜಾರಿಯಾಗಲಿಲ್ಲ. 2007ರಲ್ಲೇ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಆ 17 ವರ್ಷ ಆ ಊರುಗಳ ಬಹಳಷ್ಟು ಜನ ಕೊಳವೆಬಾವಿ ಮತ್ತು ಟ್ಯಾಂಕರನ್ನು ನಂಬಿ ಬದುಕಿದರು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಾಗೆಂದು ಕಾರ್ಪೊರೇಟರ್ ಕೈಯಲ್ಲಿ ಏನೂ ಇಲ್ಲ ಎಂದು ತಿಳಿಯಬೇಡಿ. ವಾರ್ಡ್ ರಸ್ತೆ, ರಸ್ತೆಬದಿಯ ಚರಂಡಿ, ಕಸ, ಬೀದಿದೀಪ, ಉದ್ಯಾನ ಎಲ್ಲವೂ ಪಾಲಿಕೆಯ ಸಭೆಯಲ್ಲಿ ಕೇಳಬೇಕಾದ ವಿಷಯಗಳೇ. ನಕ್ಷೆ ಮೀರಿ ಕಟ್ಟಿದ ಕಟ್ಟಡದ ಬಗ್ಗೆ ಅಧಿಕಾರಿಯಿಂದ ಉತ್ತರ ಪಡೆಯಬಲ್ಲವರೂ ಅವರೇ. ಭೂಬಳಕೆ ಬದಲಾವಣೆಗೆ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು. ಅಂಥ ಪ್ರಕಟಣೆ ಬಂದ ದಿನವೇ ಬಡಾವಣೆಗೆ ತಿಳಿಸುವಿರಾ ಎಂದು ಅಭ್ಯರ್ಥಿಯನ್ನು ಕೇಳಿ.

ಅಭ್ಯರ್ಥಿಗಳನ್ನು ಕೂರಿಸಿ

ಎಲ್ಲ ಪಕ್ಷದವರನ್ನೂ ಪಕ್ಷೇತರರನ್ನೂ ಒಂದೇ ದಿನ, ಒಂದೇ ಸಭಾಂಗಣಕ್ಕೆ ಕರೆಯಿರಿ. ನೀತಿ ಸಂಹಿತೆ ಇರುವುದರಿಂದ ಸಭೆಗೆ, ಮೈಕಿಗೆ ಬೇಕಾದ ಅನುಮತಿಯನ್ನು ಮೊದಲೇ ಪಡೆಯಿರಿ. ಹಾರ, ಶಾಲು ಬೇಡ. ಮೂರೇ ಪ್ರಶ್ನೆ ಇರಲಿ, ಪ್ರತಿಯೊಂದಕ್ಕೂ ಸರ್ವೆ ನಂಬರ್ ಇರಲಿ. ‘ಈ ನಂಬರಿನ ‘ಬ’ ಖರಾಬಿನ ಜಂಟಿ ಅಳತೆಗೆ ಆಯ್ಕೆಯಾದ ಮೂರು ತಿಂಗಳೊಳಗೆ ಪತ್ರ ಬರೆಯುವಿರಾ?’ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎನ್ನಲೇಬೇಕು. ಉತ್ತರವನ್ನು ಅಲ್ಲೇ ಬರೆದು ಸಹಿ ಪಡೆಯಿರಿ. ಸಹಿ ಹಾಕದವರ ಹೆಸರನ್ನೂ ಪಟ್ಟಿಯಲ್ಲಿ ಇಟ್ಟುಕೊಳ್ಳಿ.

ನಾಮಪತ್ರದ ಜೊತೆಗಿನ ಪ್ರಮಾಣಪತ್ರವನ್ನೂ ಓದಿ. ಕ್ರಿಮಿನಲ್ ಪ್ರಕರಣ ಮತ್ತು ಆಸ್ತಿಯ ವಿವರ ಅದರಲ್ಲಿರುತ್ತದೆ. ನಿಮ್ಮ ವಾರ್ಡಿನಲ್ಲೇ ಜಮೀನು ಹೊಂದಿರುವ ಅಭ್ಯರ್ಥಿಯಾದರೆ ಆ ಸರ್ವೆ ನಂಬರುಗಳನ್ನು ಗ್ರಾಮ ನಕಾಶೆಯ ಮೇಲೆ ಪೆನ್ಸಿಲಿನಿಂದ ಗುರುತಿಸಿ ನೋಡಿ. ಜಮೀನು ಇರುವುದು ತಪ್ಪಲ್ಲ. ಅದು ಹಳ್ಳದ ಪಕ್ಕದಲ್ಲಿದ್ದರೆ ನಿಮ್ಮ ನಾಲ್ಕನೆಯ ಪ್ರಶ್ನೆ ಅಲ್ಲೇ ಸಿದ್ಧ.

ಫಲಿತಾಂಶದ ನಂತರ ಸಹಿ ಮಾಡಿದ ಹಾಳೆ, ಪಹಣಿ, ನಕಾಶೆ, ಫೋಟೊಗಳನ್ನು ಒಂದೇ ಫೈಲಿನಲ್ಲಿಟ್ಟು ಮೊದಲ ವಾರ್ಡ್ ಸಮಿತಿ ಸಭೆಗೆ ಒಯ್ಯಿರಿ. ವಿಷಯ ಚರ್ಚೆಯಾದರೆ ನಡಾವಳಿಯ ಪ್ರತಿ ಪಡೆಯಿರಿ. ಚರ್ಚೆಯಾಗದಿದ್ದರೆ ಅರ್ಜಿ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ನಮ್ಮ ಫೈಲು ಈಗ ಕೊನೆಯ ಮನೆಯಾಕೆಯ ಬೀರುವಿನಲ್ಲಿದೆ. ಗೋಡೆಯ ಗೆರೆ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಟೇಪು ಹಿಡಿದು ಅಳೆದು, ಅದರ ಮೊದಲ ಹಾಳೆಯಲ್ಲಿ ಅವರೇ ಬರೆದಿದ್ದಾರೆ.