ಬೀರ್‌ಗಂಜಿನಲ್ಲಿ ಬಗ್ಗಿಸಿ ನುವಾಕೋಟ್‌ನಲ್ಲಿ ಕಟ್ಟಿದ ರಿಂಗು

2015ರ ಏಪ್ರಿಲ್ ಭೂಕಂಪದ ನಂತರ ಭಾರತ ಸರ್ಕಾರ ನೇಪಾಳಕ್ಕೆ ನೂರು ಕೋಟಿ ಡಾಲರ್ ಘೋಷಿಸಿತು. 25 ಕೋಟಿ ಅನುದಾನ, ಉಳಿದದ್ದು ಸಾಲ. ಅನುದಾನದಲ್ಲಿ ಆಸ್ಪತ್ರೆಗಳ ಪಾಲು 5 ಕೋಟಿ. ಆ ದುಡ್ಡಿನ ಬಾಲದ ತುದಿಯಲ್ಲಿ, ನುವಾಕೋಟ್ ಜಿಲ್ಲೆಯ ಒಂದು ಬೆಟ್ಟದ ಮೇಲೆ, ಹದಿನೈದು ಹಾಸಿಗೆಯ ಎರಡಂತಸ್ತಿನ ಆಸ್ಪತ್ರೆ ಕಟ್ಟಡದ ಗುತ್ತಿಗೆ ನನ್ನ ಪಾಲಿಗೆ ಬಂತು.

ನಾನು ಶಿರಸಿ ಕಡೆಯವನು. ಮಳೆ, ಘಟ್ಟ ಎರಡೂ ಗೊತ್ತು ಅಂತ ಜಂಬ ಇತ್ತು. ಮೊದಲ ಮಳೆಗಾಲದಲ್ಲೇ ಇಳಿಯಿತು.

ಕಾಲಂನ (ಕಾಂಕ್ರೀಟ್ ಕಂಬದ) ಉದ್ದ ಕಂಬಿಗಳನ್ನು ಸುತ್ತಿ ಹಿಡಿಯೋ ರಿಂಗಿನ ತುದಿಯ ಕೊಕ್ಕೆ 135 ಡಿಗ್ರಿ ಬಗ್ಗಿರಬೇಕು ಅಂತ ಎಲ್ಲರಿಗೂ ಗೊತ್ತು. ಸೈಟಿನಲ್ಲಿ ಯಾರು ಮಾಡ್ತಾರೆ? ನಮ್ಮ ಬಾರ್ ಬೆಂಡರ್‌ಗಳು 90ಕ್ಕೇ ಕೈಬಿಟ್ಟಿದ್ದರು. ತಪಾಸಣೆಗೆ ಬಂದ ಇಂಜಿನಿಯರ್ ಟಾರ್ಚ್ ಬಿಟ್ಟು ನೋಡಿ, "ಹುಂದೈನ" ಅಂದ. ಆಗೋದಿಲ್ಲ, ಬಿಚ್ಚಿ. ಆರು ಕಾಲಂ ಬಿಚ್ಚಿದೆವು. ಕೂಲಿ, ಕಂಬಿ ಸೇರಿ ನೇಪಾಳಿ ರೂಪಾಯಿ ಎರಡು ಲಕ್ಷದ ಹತ್ತಿರ ಹೋಯಿತು. ಅದರ ಮೇಲೆ ಹನ್ನೆರಡು ಮೀಟರ್ ಕಂಬಿ ತಿರುವಿನಲ್ಲಿ ಹಿಡಿಯೋದಿಲ್ಲ ಅಂತ ಎರಡಾಗಿ ಮಡಚಿ ತರ್ತಾರೆ. ನೆಟ್ಟಗೆ ಮಾಡೋದರಲ್ಲೇ ಅರ್ಧ ದಿನ.

ಆಗ ತೀರ್ಮಾನಿಸಿದೆ: ಕತ್ತರಿಸೋದು, ಬಗ್ಗಿಸೋದು ಎಲ್ಲ ಕೆಳಗೆ, ಭಾರತದ ಗಡಿಯ ಬೀರ್‌ಗಂಜಿನ ಯಾರ್ಡಿನಲ್ಲೇ. ಹೇಟೌಡಾ, ಮುಗ್ಲಿಂಗ್, ಗಲ್ಛಿ ದಾಟಿ ಮೇಲೆ ಬರೋದು ಕಟ್ಟೋಕೆ ತಯಾರಾದ ಮಾಲು. ಪಕ್ಕದ ಸೈಟಿನ ಗುತ್ತಿಗೆದಾರ ನಕ್ಕ: "ಅಂಗಿ ಕಾಠ್ಮಂಡುವಿನಲ್ಲಿ ಹೊಲಿಸಿ, ಮೈ ಅಳತೆ ಇಲ್ಲಿ ತಗೊಳ್ತೀರಾ ಸಾರ್?"

ಮೊದಲ ಲಾರಿ ಅವನ ಮಾತನ್ನೇ ನಿಜ ಮಾಡಿತು. ಪೇಂಟಿನಲ್ಲಿ ಬರೆದ ಗುರುತು ಮಳೆಗೆ ತೊಳೆದು ಹೋಗಿ ಎಲ್ಲ ಅಳತೆಯ ರಿಂಗು ಒಂದೇ ಗುಡ್ಡೆ. ಬೇರ್ಪಡಿಸೋಕೆ ನಾಲ್ಕು ದಿನ. ಸಾಲದ್ದಕ್ಕೆ ಸೆಂಟ್ರಿಂಗ್ ಬಡಗಿ ಕಾಂಕ್ರೀಟ್ ಸುರಿಯೋ ಕಾಲಂ ಪೆಟ್ಟಿಗೆಯನ್ನು ಮುಕ್ಕಾಲಿಂಚು ಚಿಕ್ಕದು ಮಾಡಿದ್ದ. ಸುಮಾರು 400 ರಿಂಗು ಗುಜರಿಗೆ.

ಎರಡನೇ ಲಾರಿಗೆ ಎಣ್ಣೆ ಡಬ್ಬದ ತಗಡು ಕತ್ತರಿಸಿ, ಮೊಳೆಯಿಂದ ನಂಬರ್ ಕುಟ್ಟಿ, ಕಟ್ಟುಕಟ್ಟಿಗೂ ತಂತಿಯಲ್ಲಿ ಬಿಗಿದೆ. ಪೆಟ್ಟಿಗೆ ನಾನೇ ಟೇಪ್ ಹಿಡಿದು ನೋಡಿದ ಮೇಲೇ ಆರ್ಡರ್. ಒಟ್ಟು 33 ಟನ್ ಕಂಬಿ, ರಿಂಗು ಹತ್ತು ಸಾವಿರದ ಆಸುಪಾಸು. ವೇಸ್ಟ್ ನೂರಕ್ಕೆ ಏಳರಿಂದ ಎರಡೂವರೆಗೆ ಇಳಿಯಿತು. ಉಳಿದದ್ದು ಒಂದೂಕಾಲು ಲಕ್ಷ ಅಷ್ಟೆ. ನಿಜವಾದ ಲಾಭ ದಿನಗಳದ್ದು. ದಶೈನ್‌ಗೆ (ಅಲ್ಲಿಯ ದಸರಾ) ಕೂಲಿಯವರು ಊರಿಗೆ ಹೊರಡೋ ಮೊದಲು ಮೇಲಿನ ಸ್ಲ್ಯಾಬ್ ಹಾಕಿ ಮುಗಿಸಿದ್ದೆ. ಅದೇ ಟಾರ್ಚ್ ಇಂಜಿನಿಯರ್ ಈ ಸಲ ಫೋಟೊ ತೆಗೆದುಕೊಂಡು ಹೋದ.

ದುಡ್ಡಿನ ಕಷ್ಟ ಬೇರೆ. ಅನುದಾನದ ಕಂತು ಬರೋದು ಸೈಟಿನಲ್ಲಿ ಅಳೆದ ಕೆಲಸಕ್ಕೆ. ಯಾರ್ಡಿನಲ್ಲಿ ಬಿದ್ದ ಕಂಬಿ ಕೆಲಸವೇ ಅಲ್ಲ, ಎಂ.ಬಿ.ಗೆ (ಅಳತೆ ಪುಸ್ತಕಕ್ಕೆ) ಏರೋದಿಲ್ಲ. ಕೆಜಿಗೆ 80-85ರಂತೆ ಇಪ್ಪತ್ತೇಳು ಲಕ್ಷ ಕೈಯಿಂದ ಹಾಕಿ, ತಿಂಗಳಿಗೆ ನೂರಕ್ಕೆ ಒಂದೂವರೆ ಬಡ್ಡಿ ಕಟ್ಟಿದೆ. ಮೂರನೇ ಕಂತಿನ ಹೊತ್ತಿಗೆ ಯಾರ್ಡಿನ ಮಾಲನ್ನೂ ಬಿಲ್ಲಿಗೆ ಸೇರಿಸೋ ದಾರಿ ಸಿಕ್ಕಿತು. ಲಂಚವಲ್ಲ, ಬರೀ ಕಾಗದದ ಕೆಲಸ. ಅದನ್ನು ಮಾತ್ರ ಇಲ್ಲಿ ಬರೆಯೋದಿಲ್ಲ.

ಉಳಿದ 12 ಎಂಎಂ ತುಂಡುಗಳಲ್ಲಿ ಸಲೈನ್ ಸ್ಟ್ಯಾಂಡ್ ಮಾಡಿಸಿದ್ದೂ ಒಂದು ಹುಚ್ಚು. ಮೊದಲ ನಾಲ್ಕು ಸ್ಟ್ಯಾಂಡ್, ಬಾಟಲಿ ಹಾಕಿದೊಡನೆ ವಾಲಿದವು. ಆಮೇಲೆ ಖಾಲಿ ಪೇಂಟ್ ಡಬ್ಬಕ್ಕೆ ಕಾಂಕ್ರೀಟ್ ಸುರಿದು ನಿಲ್ಲಿಸಿದೆವು. ನೆಲ ಒರೆಸೋರು ಎತ್ತಲಾರದೆ ಬೈದರು, ಆದರೆ ಹದಿನಾಲ್ಕೂ ವಾರ್ಡಿನಲ್ಲಿವೆ.

ನಕ್ಕ ಗುತ್ತಿಗೆದಾರ ಹೋದ ವರ್ಷ ಫೋನ್ ಮಾಡಿ ನನ್ನ ಬೆಂಡಿಂಗ್ ಶೆಡ್ಯೂಲ್, ಅಂದರೆ ಯಾವ ಕಂಬಿ ಎಷ್ಟು ಉದ್ದ, ಹೇಗೆ ಬಗ್ಗಿಸೋದು ಅನ್ನೋ ಪಟ್ಟಿ, ಕೇಳಿದ. ಕಳಿಸಿದೆ. ತಗಡಿನ ಮೇಲಿನ ನಂಬರ್ ಯಾವ ಕಾಲಂನದು ಅನ್ನೋ ಪುಟ ಒಂದನ್ನು ಇಟ್ಟುಕೊಂಡೆ.