ಎಂಟು ಟ್ರ್ಯಾಕ್‌ನ ಪುಟ್ಟ ರೆಕಾರ್ಡರ್, ಒಂದು ಹಾಡು

ಎರಡು ವರ್ಷ ನಾನು ಲ್ಯಾಪ್‌ಟಾಪ್‌ನಲ್ಲೇ ಹಾಡು ರೆಕಾರ್ಡ್ ಮಾಡುತ್ತಿದ್ದೆ. ಅರ್ಧಕ್ಕೆ ನಿಂತ ಹಾಡುಗಳು ಇಪ್ಪತ್ತಕ್ಕೂ ಜಾಸ್ತಿ ಇದ್ದವು. ಪೂರ್ತಿಯಾದದ್ದು ಒಂದೂ ಇರಲಿಲ್ಲ. ಒಂದೇ ಸಾಲನ್ನು ಹದಿನೈದು ಸಲ ಹಾಡುತ್ತಿದ್ದೆ, ಹದಿನೈದನ್ನೂ ಇಟ್ಟುಕೊಳ್ಳುತ್ತಿದ್ದೆ, ಯಾವುದು ಚೆನ್ನಾಗಿದೆ ಅಂತ ಆಮೇಲೆ ಆರಿಸೋಣ ಎಂದುಕೊಳ್ಳುತ್ತಿದ್ದೆ. ಆರಿಸಲು ಕೂತಾಗ ಕಣ್ಣು ಪರದೆಯ ಮೇಲಿನ ಅಲೆಗಳನ್ನು ನೋಡುತ್ತಿತ್ತು, ಕಿವಿ ಕೆಲಸ ಮಾಡುತ್ತಿರಲಿಲ್ಲ.

ಆಮೇಲೆ ಒಂದು ಪುಟ್ಟ ಮಲ್ಟಿಟ್ರ್ಯಾಕ್ ರೆಕಾರ್ಡರ್ ತೆಗೆದುಕೊಂಡೆ. ಒಂದು ದಪ್ಪ ಪುಸ್ತಕದಷ್ಟು ದೊಡ್ಡದು. ಎಂಟು ಟ್ರ್ಯಾಕ್ ಇವೆ, ಅಂದರೆ ಬೇರೆಬೇರೆಯಾಗಿ ಹಿಡಿದು ಒಟ್ಟಿಗೆ ಕೇಳಿಸಬಹುದಾದ ಎಂಟು ಪದರ. ಆದರೆ ಒಂದು ಸಲಕ್ಕೆ ಎರಡನ್ನು ಮಾತ್ರ ರೆಕಾರ್ಡ್ ಮಾಡಬಹುದು. ಎಸ್‌ಡಿ ಕಾರ್ಡ್ ಮೇಲೆ 44.1 ಕಿಲೋಹರ್ಟ್ಜ್, 16 ಬಿಟ್‌ನಲ್ಲಿ, ಸಿಡಿಯ ಗುಣಮಟ್ಟದಲ್ಲಿ ಬರೆಯುತ್ತದೆ. ಅಂದರೆ ಒಂದು ಟ್ರ್ಯಾಕ್‌ಗೆ ನಿಮಿಷಕ್ಕೆ ಸುಮಾರು 5 ಎಂಬಿ. ನಾಲ್ಕು ನಿಮಿಷದ ಹಾಡಿಗೆ ಎಂಟೂ ಟ್ರ್ಯಾಕ್ ತುಂಬಿದರೂ 170 ಎಂಬಿ ಆಸುಪಾಸು. ಜಾಗದ ಚಿಂತೆ ಇಲ್ಲ. ಚಿಂತೆ ಇರುವುದು ಟ್ರ್ಯಾಕ್‌ಗಳದ್ದು. ಎಂಟು ಅಂದರೆ ಎಂಟೇ.

ಮೊದಲನೇ ದಿನ ಯಂತ್ರವನ್ನೇ ಮುಟ್ಟಲಿಲ್ಲ. ಒಂದು ಹಾಳೆಯ ಮೇಲೆ ಎಂಟು ಮನೆ ಬರೆದೆ. 1 ಗಿಟಾರ್, 2 ಇನ್ನೊಂದು ಗಿಟಾರ್, 3 ತಗ್ಗು ಸ್ವರದ ಬಾಸ್ ಗಿಟಾರ್, 4 ತಾಳಕ್ಕೆ ಕೈಯಲ್ಲಿ ಅಲ್ಲಾಡಿಸುವ ಶೇಕರ್, 5 ನನ್ನ ದನಿ, 6 ತಂಗಿಯ ದನಿ. 7 ಮತ್ತು 8 ಖಾಲಿ. ಈ ಹಾಳೆ ಬರೆಯುವಾಗಲೇ ಹಾಡಿನ ಬಗ್ಗೆ ತುಂಬಾ ಪ್ರಶ್ನೆ ಬಗೆಹರಿದವು. ಕೀಬೋರ್ಡ್ ಬೇಕಾ? ಎರಡನೇ ಗಿಟಾರ್ ಪಲ್ಲವಿಗೆ ಮಾತ್ರವಾ? ಲ್ಯಾಪ್‌ಟಾಪ್‌ನಲ್ಲಿ ಇದನ್ನೆಲ್ಲ ನಾನು ಕೇಳಿಕೊಂಡೇ ಇರಲಿಲ್ಲ. ಅಲ್ಲಿ ಇನ್ನೊಂದು ಟ್ರ್ಯಾಕ್ ಹಾಕಿದರಾಯಿತು, ಅಲ್ವಾ?

ಎಲ್ಲಕ್ಕಿಂತ ಮೊದಲು ಒಂದು ಕಚ್ಚಾ ಟ್ರ್ಯಾಕ್ ಬೇಕು. ಮೆಟ್ರೊನೋಮ್ (ಒಂದೇ ವೇಗದಲ್ಲಿ ಟಿಕ್ ಟಿಕ್ ಎಂದು ತಾಳ ಹಾಕುವುದು) ಹಾಕಿಕೊಂಡು ಗಿಟಾರ್ ಬಾರಿಸುತ್ತಾ, ಜೊತೆಗೇ ಹಾಡಿಕೊಂಡು ಪೂರ್ತಿ ಹಾಡನ್ನು 8ನೇ ಟ್ರ್ಯಾಕ್‌ಗೆ ಇಳಿಸಿದೆ. ಇದು ಕೊನೆಯಲ್ಲಿ ಅಳಿಸಿಹೋಗುವ ಟ್ರ್ಯಾಕ್. ಆದರೆ ಮುಂದೆ ಬರುವ ಎಲ್ಲಾ ಟ್ರ್ಯಾಕ್‌ಗೂ ಇದೇ ದಾರಿ. ಚರಣ ಎಲ್ಲಿ ಮುಗಿಯುತ್ತದೆ, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಲ್ಲ ಗೊತ್ತಾಗುತ್ತದೆ. ಮೆಟ್ರೊನೋಮ್ ವೇಗವನ್ನು ಇಲ್ಲೇ ಸರಿಯಾಗಿ ಹಿಡಿಯಬೇಕು. ನಾನು ಮೊದಲು ನಿಮಿಷಕ್ಕೆ 92 ಬಡಿತದಲ್ಲಿ ಬಾರಿಸಿದೆ. ಕೇಳಿದಾಗ ಮಾತುಗಳು ಒಂದರ ಮೇಲೊಂದು ಬೀಳುತ್ತಿದ್ದವು. 86ಕ್ಕೆ ಇಳಿಸಿದ ಮೇಲೆ ಹಾಡು ತನ್ನ ನಡಿಗೆ ಕಂಡುಕೊಂಡಿತು. ಒಂದು ಟ್ರ್ಯಾಕ್ ಆದ ಮೇಲೆ ವೇಗ ಬದಲಿಸುವುದು ಅಂದರೆ ಮತ್ತೆ ಮೊದಲಿಂದ ಶುರು ಮಾಡುವುದೇ. ಹಾಗಾಗಿ ಈ ಕಚ್ಚಾ ಟ್ರ್ಯಾಕ್‌ಗೆ ಒಂದು ಸಂಜೆ ಪೂರ್ತಿ ಕೊಟ್ಟೆ. ಅದು ದಂಡವಾಗಲಿಲ್ಲ.

ಗಿಟಾರ್ ರೆಕಾರ್ಡಿಂಗ್ ನನಗೆ ಜಾಸ್ತಿ ಕಲಿಸಿದ ಭಾಗ. ನನ್ನ ಗಿಟಾರ್‌ನಲ್ಲಿ ದನಿಯನ್ನು ನೇರ ಕೇಬಲ್‌ಗೆ ಕೊಡುವ ಪಿಕಪ್ ಇಲ್ಲ, ಮೈಕ್‌ನಲ್ಲೇ ಹಿಡಿಯಬೇಕು. ಶುರುವಿನಲ್ಲಿ ಮೈಕನ್ನು ಗಿಟಾರಿನ ಮಧ್ಯದ ತೂತಿಗೆ ನೇರ ಇಟ್ಟಿದ್ದೆ. ದನಿ ಅಲ್ಲಿಂದಲೇ ತಾನೇ ಬರುವುದು ಎಂದುಕೊಂಡಿದ್ದೆ. ಬಂದದ್ದು ಬರೀ ಗುಂಯ್ ಎನ್ನುವ ದಪ್ಪ ಸದ್ದು. ಆಮೇಲೆ ಹೆಡ್‌ಫೋನ್ ಹಾಕಿಕೊಂಡು, ಒಂದು ಕೈಯಲ್ಲಿ ತಂತಿ ಮೀಟುತ್ತಾ, ಗಿಟಾರನ್ನೇ ಮೈಕ್ ಮುಂದೆ ನಿಧಾನವಾಗಿ ಸರಿಸಿದೆ. ತೂತಿನಿಂದ ಕತ್ತಿನ ಕಡೆ ಮೈಕ್ ಹೋದಂತೆ ಗುಂಯ್ ಸದ್ದು ಕಡಿಮೆಯಾಗುತ್ತಾ ಬಂತು. ಹನ್ನೆರಡನೇ ಫ್ರೆಟ್‌ಗೆ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ನೇರವಾಗಿ, ಸುಮಾರು 25 ಸೆಂಟಿಮೀಟರ್ ದೂರದಲ್ಲಿ ಒಂದು ಜಾಗ ಸಿಕ್ಕಿತು. ಅಲ್ಲಿ ತಂತಿಯ ಹೊಳಪೂ ಇತ್ತು, ಮರದ ತುಂಬು ದನಿಯೂ ಇತ್ತು. ನಾಲ್ಕು ಬೆರಳು ಅತ್ತ ಇತ್ತ ಸರಿದರೆ ಎರಡರಲ್ಲಿ ಒಂದು ಹೋಗಿಬಿಡುತ್ತಿತ್ತು. ಕುರ್ಚಿಯ ಕಾಲುಗಳ ಸುತ್ತ ನೆಲದ ಮೇಲೆ ಟೇಪ್ ಅಂಟಿಸಿದೆ, ಮೈಕ್ ಸ್ಟ್ಯಾಂಡಿಗೂ ಅಂಟಿಸಿದೆ. ಮರುದಿನ ಅದೇ ಜಾಗದಲ್ಲಿ ಕೂರಬೇಕಲ್ಲ.

ಎರಡು ಇನ್‌ಪುಟ್ ಇವೆಯಲ್ಲ ಎಂದು ಎರಡು ಮೈಕ್ ಹಾಕಿಯೂ ನೋಡಿದೆ. ಒಂದು 25 ಸೆಂಟಿಮೀಟರ್ ದೂರ, ಇನ್ನೊಂದು ಅದರ ಹಿಂದೆ 75 ಸೆಂಟಿಮೀಟರ್ ದೂರ. ಒಂದೊಂದೇ ಕೇಳಿದರೆ ಎರಡೂ ಚಂದ. ಸೇರಿಸಿ ಕೇಳಿದರೆ ಗಿಟಾರ್ ತೆಳ್ಳಗೆ, ಡಬ್ಬಿಯೊಳಗಿಂದ ಬಂದಂತೆ. ಕಾರಣ ಸರಳ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಅರ್ಧ ಮೀಟರ್ ಹಿಂದಿರುವ ಮೈಕ್‌ಗೆ ಅದು ಒಂದೂವರೆ ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಅಷ್ಟು ತಡಕ್ಕೆ 340 ಹರ್ಟ್ಜ್ ಸುತ್ತಮುತ್ತಲಿನ ಸ್ವರಗಳಲ್ಲಿ ಎರಡು ಮೈಕ್‌ಗಳ ದನಿಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಗಿಟಾರಿನ ಮೈಯ, ಅಂದರೆ ತುಂಬು ದನಿಯ, ಒಂದು ಪಾಲು ಇರುವುದು ಅಲ್ಲೇ. ಒಂದೇ ಮೈಕ್ ಇಟ್ಟು, ಅದೇ ಭಾಗವನ್ನು ಎರಡು ಸಲ ಬಾರಿಸಿ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಹಾಕಿದೆ. ಎರಡು ಸಲ ಬಾರಿಸಿದ್ದರಲ್ಲಿ ಕೈ ಒಂದಿಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಆ ವ್ಯತ್ಯಾಸವೇ ಕೇಳುವವರಿಗೆ ಅಗಲ ಅನ್ನಿಸುತ್ತದೆ.

ಲೆವೆಲ್, ಅಂದರೆ ರೆಕಾರ್ಡ್ ಆಗುವ ದನಿಯ ಮಟ್ಟದ ಬಗ್ಗೆ ಒಂದು ಮಾತು. ಕೆಂಪು ದೀಪ ಹತ್ತುವವರೆಗೆ ಏರಿಸಬೇಕು ಎಂಬ ಅಭ್ಯಾಸ ಕ್ಯಾಸೆಟ್ ಟೇಪಿನ ಕಾಲದ್ದು. ಟೇಪಿನಲ್ಲಿ ಕಡಿಮೆ ಲೆವೆಲ್ ಇಟ್ಟರೆ ಸುಯ್ ಎನ್ನುವ ಸದ್ದು ಹಾಡಿನ ಜೊತೆ ಬರುತ್ತಿತ್ತು. ಡಿಜಿಟಲ್‌ನಲ್ಲಿ 0 ಡೆಸಿಬಲ್ ಎಂದರೆ ಗೋಡೆ. ಅದಕ್ಕೆ ತಾಗಿದ ದನಿ ಒಡೆಯುತ್ತದೆ, ಒಡೆದದ್ದನ್ನು ಮಿಕ್ಸ್ ಮಾಡುವಾಗ (ಕೊನೆಯಲ್ಲಿ ಎಲ್ಲ ಟ್ರ್ಯಾಕ್ ಬೆರೆಸುವಾಗ) ಸರಿಮಾಡಲು ಆಗುವುದಿಲ್ಲ. ಹಾಡಿನಲ್ಲಿ ಎಲ್ಲಕ್ಕಿಂತ ಜೋರಾದ ಜಾಗವನ್ನು ಮೊದಲು ಹಾಡಿ ನೋಡಿ, ಅದು ಮೈನಸ್ 12 ಡೆಸಿಬಲ್‌ನ ಹತ್ತಿರ ನಿಲ್ಲುವಂತೆ ಇಡುತ್ತೇನೆ. ನಿಜವಾಗಿ ರೆಕಾರ್ಡ್ ಮಾಡುವಾಗ ಎಲ್ಲರೂ ಇನ್ನೂ ಸ್ವಲ್ಪ ಜೋರಾಗಿಯೇ ಹಾಡುತ್ತಾರೆ. ಆ ಜಾಗ ಬೇಕಾಗುತ್ತದೆ.

ಬಾಸ್ ಗಿಟಾರ್ ನೇರವಾಗಿ ಕೇಬಲ್‌ನಲ್ಲಿ. ಇನ್‌ಪುಟ್ ಪಕ್ಕದ ಸ್ವಿಚ್ಚನ್ನು ಗಿಟಾರ್ ಎಂದಿರುವ ಕಡೆಗೆ ತಿರುಗಿಸಬೇಕು, ಇಲ್ಲದಿದ್ದರೆ ದನಿ ಮಂಕಾಗುತ್ತದೆ. ಶೇಕರ್ ಮೈಕ್‌ನಿಂದ ಒಂದು ಮಾರು ದೂರ. ಇವೆರಡೂ ಒಂದೇ ಬೆಳಿಗ್ಗೆ ಮುಗಿದವು.

ದನಿಗೆ ಬಂದಾಗ ಕೋಣೆಯ ಜೊತೆ ಕೆಲಸ ಶುರುವಾಯಿತು. ಖಾಲಿ ಗೋಡೆಗೆ ಮುಖ ಮಾಡಿ ಹಾಡಿದರೆ ದನಿ ಮರಳಿ ಮೈಕ್‌ಗೆ ಬರುತ್ತದೆ, ಬಚ್ಚಲಿನಲ್ಲಿ ಹಾಡಿದಂತಾಗುತ್ತದೆ. ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕ್‌ಗೆ 48 ವೋಲ್ಟ್ ಫ್ಯಾಂಟಮ್ ಪವರ್ (ಕೇಬಲ್ ಮೂಲಕವೇ ಹೋಗುವ ವಿದ್ಯುತ್) ಕೊಟ್ಟು ಹಾಡಿದಾಗ ಪಕ್ಕದ ಕೋಣೆಯ ಫ್ರಿಜ್ ಕೂಡ ಕೇಳಿಸಿತು. ಅದನ್ನು ಬಿಟ್ಟು, ಅಷ್ಟು ಸೂಕ್ಷ್ಮವಲ್ಲದ ಡೈನಾಮಿಕ್ ಮೈಕ್ ಹಾಕಿದೆ. ಅದರ ದನಿ ಅಷ್ಟು ಹೊಳಪಲ್ಲ, ನಿಜ. ಆದರೆ ಒಂದು ಗೇಣು ದೂರದಲ್ಲಿ ನಿಂತು ಹಾಡಿದರೆ ಕೋಣೆ ಮರೆಯಾಗಿ ದನಿ ಮಾತ್ರ ಉಳಿಯುತ್ತದೆ. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದಕ್ಕೆ ಬೆನ್ನು ಮಾಡಿ ನಿಂತೆ. ಮೈಕ್ ನೋಡುವುದು ಹಾಡುವವರ ಹಿಂದಿನ ಗೋಡೆಯನ್ನು, ಹಾಗಾಗಿ ಮೆತ್ತನೆಯದು ಅಲ್ಲಿರಬೇಕು. ಮೈಕ್ ಮುಂದೆ ಬಾಯಿಯ ಗಾಳಿ ತಡೆಯುವ ಪಾಪ್ ಫಿಲ್ಟರ್ ಇಟ್ಟೆ. ಆದರೂ 'ಪ'ಕಾರ, 'ಭ'ಕಾರ ಬಂದಾಗ ಗಾಳಿ ಬಡಿಯುತ್ತಿತ್ತು. ಮೈಕನ್ನು ಬಾಯಿಯ ನೇರದಿಂದ ಸ್ವಲ್ಪ ಪಕ್ಕಕ್ಕೆ ತಿರುಗಿಸಿದ ಮೇಲೆ ನಿಂತಿತು.

ಎರಡನೇ ಚರಣದ ಕೊನೆಯ ಪದ ಶ್ರುತಿಗಿಂತ ಕೆಳಗಿತ್ತು. ಉಳಿದದ್ದೆಲ್ಲ ಚೆನ್ನಾಗಿತ್ತು. ಪಂಚ್ ಇನ್ (ತಪ್ಪಿದ ತುಣುಕಿನ ಮೇಲಷ್ಟೇ ಮತ್ತೆ ರೆಕಾರ್ಡ್ ಮಾಡುವುದು) ಮಾಡೋಣ ಎಂದು ಆ ಒಂದು ಪದಕ್ಕೆ ಮಾತ್ರ ಗುರುತು ಹಾಕಿ, ಕುರ್ಚಿಯಲ್ಲಿ ಕೂತೇ ಹಾಡಿದೆ. ಶ್ರುತಿ ಸರಿಯಾಯಿತು, ದನಿ ಬೇರೆಯಾಯಿತು. ಬೇರೆ ಯಾರೋ ಬಂದು ಒಂದು ಪದ ಹೇಳಿ ಹೋದಂತೆ. ಮೊದಲ ಸಲ ನಿಂತು ಹಾಡಿದ್ದೆ. ಉಸಿರು ಹಿಂದಿನ ಸಾಲಿನಿಂದ ಹರಿದು ಬಂದಿತ್ತು. ಆಮೇಲೆ ಮತ್ತೆ ಮೊದಲು ನಿಂತಿದ್ದ ಜಾಗದಲ್ಲೇ ನಿಂತೆ. ಎರಡು ಸಾಲು ಹಿಂದಿನಿಂದ ಹಾಡುತ್ತಾ ಬಂದು, ಸಾಲುಗಳ ನಡುವೆ ಉಸಿರು ತೆಗೆದುಕೊಳ್ಳುವ ಕಡೆ ಯಂತ್ರ ತಾನಾಗಿ ರೆಕಾರ್ಡಿಂಗ್‌ಗೆ ಹೋಗುವಂತೆ ಇಟ್ಟು, ಪೂರ್ತಿ ಸಾಲನ್ನು ಬದಲಿಸಿದೆ. ಈಗ ಎಲ್ಲಿ ಜೋಡಿಸಿದೆ ಎಂದು ನನಗೇ ಗೊತ್ತಾಗುವುದಿಲ್ಲ. ಅಂದಿನಿಂದ ಪದಕ್ಕೆ ಪಂಚ್ ಇನ್ ಮಾಡುವುದಿಲ್ಲ, ಸಾಲಿಗೆ ಮಾಡುತ್ತೇನೆ.

ತಂಗಿ ಹಾಡಿದ ದಿನ ಇನ್ನೊಂದು ಸಮಸ್ಯೆ. ಅವಳದು ಮೆಲುದನಿ. ರೆಕಾರ್ಡ್ ಮಾಡಿ ಕೇಳಿದರೆ ಹಾಡು ಮೆತ್ತಗಾಗುವ ಕಡೆಯೆಲ್ಲ ಹಿಂದೆ ಟಿಕ್ ಟಿಕ್ ಎಂದು ಮೆಟ್ರೊನೋಮ್. ಹೆಡ್‌ಫೋನ್‌ನಿಂದ ಸೋರಿ ಮೈಕ್‌ಗೆ ಬೀಳುತ್ತಿತ್ತು.

"ಅಕ್ಕಾ, ಈ ಟಿಕ್ ಟಿಕ್ ಕೇಳ್ತಾ ನಂಗೆ ಹಾಡೋಕೇ ಆಗ್ತಿಲ್ಲ. ಇದನ್ನ ತೆಗೆದು ನಿನ್ನ ಗಿಟಾರ್ ಜಾಸ್ತಿ ಮಾಡ್ತೀಯಾ?" ಎಂದಳು.

ಎಷ್ಟು ಸರಿ ಅನ್ನಿಸಿತು. ಅಷ್ಟು ಹೊತ್ತಿಗೆ ಗಿಟಾರ್, ಶೇಕರ್ ಎಲ್ಲ ತಾಳ ಹಿಡಿದಿದ್ದವು. ಮೆಟ್ರೊನೋಮ್ ಬೇಕೇ ಇರಲಿಲ್ಲ. ಅದನ್ನು ನಿಲ್ಲಿಸಿದೆ, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಕೊಟ್ಟೆ, ಅವಳ ದನಿಗೆ ಒಂಚೂರು ರಿವರ್ಬ್ (ದೊಡ್ಡ ಕೋಣೆಯಲ್ಲಿ ಹಾಡಿದಂಥ ಗುಂಗು) ಕೇಳಿಸುವಂತೆ ಇಟ್ಟೆ. ಆ ರಿವರ್ಬ್ ಕೇಳುವುದಕ್ಕೆ ಮಾತ್ರ, ಟ್ರ್ಯಾಕ್ ಮೇಲೆ ಬೀಳುವುದಿಲ್ಲ. ಎರಡನೇ ಸಲಕ್ಕೇ ಹಾಡಿ ಮುಗಿಸಿದಳು. ಹಾಡುವವರಿಗೆ ಕಿವಿಯಲ್ಲಿ ಏನು ಕೇಳಿಸುತ್ತಿದೆ ಎನ್ನುವುದಕ್ಕೆ ನಾನು ಮೈಕ್‌ನಷ್ಟೇ ಬೆಲೆ ಕೊಡುತ್ತೇನೆ.

ಈಗ ಬೌನ್ಸ್, ಅಂದರೆ ಹಲವು ಟ್ರ್ಯಾಕ್‌ಗಳನ್ನು ಸೇರಿಸಿ ಒಂದೆರಡು ಟ್ರ್ಯಾಕ್‌ಗೆ ಸುರಿಯುವುದು. ಆರು ಟ್ರ್ಯಾಕ್ ತುಂಬಿದ ಮೇಲೆ ನನಗೆ ಪಲ್ಲವಿಗೆ ಇನ್ನೂ ಎರಡು ದನಿ, ಒಂದು ಕೀಬೋರ್ಡ್ ಬೇಕು ಅನ್ನಿಸಿತು. ಹಳೆಯ ಕ್ಯಾಸೆಟ್ ಯಂತ್ರಗಳಲ್ಲೂ ಇದೇ ಪಾಡು. 1979ರಲ್ಲಿ ಟ್ಯಾಸ್ಕ್ಯಾಮ್ ಕಂಪನಿ ತಂದ ಪೋರ್ಟಾಸ್ಟುಡಿಯೊ ಎಂಬ ಕ್ಯಾಸೆಟ್ ರೆಕಾರ್ಡರ್‌ನ ಮೊದಲ ಮಾದರಿಯಲ್ಲಿ ಇದ್ದದ್ದು ನಾಲ್ಕೇ ಟ್ರ್ಯಾಕ್. ಮಾಮೂಲಿ ಕ್ಯಾಸೆಟ್‌ನ ಎರಡೂ ಬದಿಯ ಜಾಗವನ್ನು ಒಂದೇ ದಿಕ್ಕಿನಲ್ಲಿ, ಎರಡರಷ್ಟು ವೇಗದಲ್ಲಿ ಓಡಿಸುತ್ತಿತ್ತು. ಮೂರು ಟ್ರ್ಯಾಕ್ ತುಂಬಿಸಿ, ಅವನ್ನು ನಾಲ್ಕನೆಯದಕ್ಕೆ ಸುರಿದು, ಮೂರನ್ನೂ ಮತ್ತೆ ಬಳಸುತ್ತಿದ್ದರು. ಸುರಿದಷ್ಟು ಸಲ ಟೇಪಿನ ಸುಯ್ ಸದ್ದು ಹೆಚ್ಚುತ್ತಿತ್ತು. ನಮ್ಮ ಡಿಜಿಟಲ್ ಯಂತ್ರದಲ್ಲಿ ಆ ತೊಂದರೆ ಇಲ್ಲ. ಆದರೆ ಒಮ್ಮೆ ಸುರಿದ ಮೇಲೆ ಬೇರ್ಪಡಿಸಲು ಬರುವುದಿಲ್ಲ ಎನ್ನುವುದು ಇವತ್ತಿಗೂ ಹಾಗೇ ಇದೆ.

ಕಚ್ಚಾ ಟ್ರ್ಯಾಕ್ ಅಳಿಸಿ, ಎರಡು ಗಿಟಾರ್, ಬಾಸ್, ಶೇಕರ್ ನಾಲ್ಕನ್ನೂ ಹೆಡ್‌ಫೋನ್‌ನಲ್ಲೇ ಹೊಂದಿಸಿ 7 ಮತ್ತು 8ಕ್ಕೆ ಬೌನ್ಸ್ ಮಾಡಿದೆ. ತುಂಬಾ ಚೆನ್ನಾಗಿ ಕೇಳಿಸಿತು. ಅದೇ ಖುಷಿಯಲ್ಲಿ 1ರಿಂದ 4ರವರೆಗೆ ಅಳಿಸಿದೆ. ಮರುದಿನ ಸ್ಪೀಕರ್‌ಗೆ ಹಾಕಿದರೆ ಬಾಸ್ ಎಲ್ಲವನ್ನೂ ನುಂಗಿತ್ತು. ನನ್ನ ಹೆಡ್‌ಫೋನ್‌ನಲ್ಲಿ ಬಾಸ್ ಕಡಿಮೆ ಕೇಳಿಸುತ್ತದೆ, ಅದಕ್ಕೇ ನಾನು ಏರಿಸಿದ್ದೆ. ಈಗ ಬಾಸ್ ಇಳಿಸಲು ಇಕ್ಯು (ತಗ್ಗು, ಎತ್ತರದ ಸ್ವರಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವುದು) ಹಚ್ಚಿದರೆ ಗಿಟಾರಿನ ಮೈಯೂ ಹೋಗುತ್ತದೆ. ನಾಲ್ಕನ್ನೂ ಮತ್ತೆ ಬಾರಿಸಿದೆ. ಟೇಪ್ ಗುರುತುಗಳು ನೆಲದ ಮೇಲೆ ಹಾಗೇ ಇದ್ದವು, ಅದೊಂದು ಉಳಿಸಿತು.

ಈಗ ಬೌನ್ಸ್ ಮಾಡುವ ಮುಂಚೆ ಕಾರ್ಡ್ ತೆಗೆದು ಪೂರ್ತಿ ಹಾಡನ್ನು ಕಂಪ್ಯೂಟರ್‌ಗೆ ಕಾಪಿ ಮಾಡುತ್ತೇನೆ. ಬೌನ್ಸ್ ಆದ ಮೇಲೆ ಸ್ಪೀಕರ್, ಹೆಡ್‌ಫೋನ್, ಫೋನಿನ ಪುಟ್ಟ ಸ್ಪೀಕರ್ ಮೂರರಲ್ಲೂ ಕೇಳುತ್ತೇನೆ. ಒಂದು ರಾತ್ರಿ ಕಳೆದ ಮೇಲೆ ಮಾತ್ರ ಹಳೆಯದನ್ನು ಅಳಿಸುತ್ತೇನೆ. ಬೌನ್ಸ್ ಮಾಡುವ ಭಾಗಕ್ಕೆ ರಿವರ್ಬ್ ಹಾಕುವುದೇ ಇಲ್ಲ. ಅದನ್ನು ಕೊನೆಯಲ್ಲಿ ಎಲ್ಲಕ್ಕೂ ಸೇರಿಸಿ ಹಾಕಬಹುದು, ಒಮ್ಮೆ ಸುರಿದದ್ದನ್ನು ಒಣಗಿಸಲು ಆಗುವುದಿಲ್ಲ.

ಕೊನೆಯ ಮಿಕ್ಸ್ ಮಾಡುವಾಗ ಕೈಗೆ ಸಿಗುವುದು ಪ್ರತಿ ಟ್ರ್ಯಾಕ್‌ನ ದನಿ ಏರಿಸಿ ಇಳಿಸುವ ಫೇಡರ್‌ಗಳು, ದನಿಯನ್ನು ಎಡಕ್ಕೋ ಬಲಕ್ಕೋ ಸರಿಸುವ ಪ್ಯಾನ್, ಸರಳವಾದ ಇಕ್ಯು. ಅಷ್ಟು ಸಾಕಾಯಿತು. ದನಿಯಲ್ಲಿ ತಳದ ಗುಡುಗು ಇಳಿಸಿದೆ. ನನ್ನ ದನಿ ನಡುವೆ, ತಂಗಿಯದು ಸ್ವಲ್ಪ ಬಲಕ್ಕೆ, ಪಲ್ಲವಿಯ ಎರಡು ದನಿ ಎರಡು ತುದಿಗೆ. ಸಣ್ಣ ದನಿಯಲ್ಲಿ ಕೇಳುತ್ತಲೇ ಮಿಕ್ಸ್ ಮಾಡಿದೆ, ಪಕ್ಕದಲ್ಲಿ ಕೂತವರ ಜೊತೆ ಮಾತಾಡಬಹುದಾದಷ್ಟು ಸಣ್ಣಗೆ. ಜೋರಾಗಿಟ್ಟರೆ ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತದೆ. ಸಣ್ಣಗಿಟ್ಟಾಗಲೂ ಹಾಡಿನ ಮಾತು ಒಂದೊಂದೂ ತಿಳಿಯುತ್ತಿದ್ದರೆ ಫೇಡರ್ ಸರಿಯಾದ ಜಾಗದಲ್ಲಿದೆ ಎಂದು ಅರ್ಥ. ಎರಡನೇ ಚರಣದಲ್ಲಿ ತಂಗಿಯ ದನಿ ಬರುವ ಕಡೆ ನನ್ನ ಫೇಡರನ್ನು ಬೆರಳಿನಿಂದ ಒಂದು ಕೂದಲೆಳೆಯಷ್ಟು ಇಳಿಸಬೇಕಿತ್ತು. ಪ್ರತಿ ಸಲ ಮಿಕ್ಸ್ ಓಡಿಸುವಾಗಲೂ ಕೈಯಿಂದಲೇ ಮಾಡಬೇಕು. ಐದನೇ ಸಲ ಅದು ಸರಿಯಾಗಿ ಕೂತಿತು.

ಮೊದಲ ಹಾಡಿಗೆ ಮೂರು ವಾರ ಹಿಡಿಯಿತು. ಮುಗಿದ ಸಂಜೆ ತಂಗಿಗೆ ಹೆಡ್‌ಫೋನ್ ಕೊಟ್ಟೆ. ಅವಳು ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ಹಾಡು ನಿಂತ ಮೇಲೂ ಹೆಡ್‌ಫೋನ್ ತೆಗೆಯಲಿಲ್ಲ, ಮತ್ತೆ ಪ್ಲೇ ಒತ್ತಿದಳು. ಈಗ ಎರಡನೇ ಹಾಡಿನ ಹಾಳೆ ಗೋಡೆಯ ಮೇಲಿದೆ. ಅದರಲ್ಲಿ 5ನೇ ಮನೆಯಲ್ಲಿ, ಅಂದರೆ ಮುಖ್ಯ ದನಿಯ ಜಾಗದಲ್ಲಿ, ಅವಳೇ ತನ್ನ ಹೆಸರು ಬರೆದಿದ್ದಾಳೆ.